ಅಡಕೆ ತೋಟದ ಪಂಚಾಂಗಕ್ಕೆ ಓಡುವ ಗಾಡಿಗಳು

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವಾಗ ಕಾನಸೂರಿನ ಆಚೀಚೆ, ಯಲ್ಲಾಪುರದ ಕಡೆಗಾದರೆ ಮಂಚಿಕೇರಿ, ಉಮ್ಮಚಗಿಯ ಸುತ್ತ, ಟಾರು ರಸ್ತೆ ಬಿಟ್ಟು ಯಾವ ಕವಲು ಹಿಡಿದರೂ ಅದು ಕೊನೆಗೆ ಒಂದು ತೋಟದ ಮನೆಯ ಅಂಗಳಕ್ಕೆ ಹೋಗಿ ನಿಲ್ಲುತ್ತದೆ. ಕೊಟ್ಟಿಗೆಗೆ ತಾಗಿ ತಗಡಿನ ಮಾಡೊಂದು ಇಳಿದಿರುತ್ತದೆ. ಅದರಡಿ ಹುಡ್ ಹೊಲಿಸಿ ಹೊಲಿಸಿ ಬಣ್ಣವೇ ಬದಲಾದ ಮಹೀಂದ್ರಾ ಜೀಪು, ಪಕ್ಕಕ್ಕೆ ಬಿಳಿ ಓಮಿನಿ, ಗೊಬ್ಬರದ ವಾಸನೆ ಬಿಟ್ಟು ಹೋಗದ ಪಿಕಪ್ಪು, ಗೋಡೆಗೆ ಒರಗಿಸಿಟ್ಟ ಬಜಾಜ್ ಎಂ-80, ಟ್ರೇಲರ್ ಕಳಚಿದ ಪವರ್ ಟಿಲ್ಲರ್. ಹಬ್ಬಕ್ಕೆ ಬೆಂಗಳೂರಿನಿಂದ ಮಗನೋ ಮಗಳೋ ಬಂದಿದ್ದರೆ ಹಲಸಿನ ಮರದಡಿ ಇನ್ನೊಂದು ಹೊಸ ಕಾರು.

ಹಳೆಯ ವಾಹನ ಎಂದ ಕೂಡಲೇ ನಮಗೆ ನೆನಪಾಗುವುದು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಕಾರುಗಳು. ಅವನ್ನು ಹಾಗೆ ಹೊಳೆಯುವಂತೆ ಕಾಪಾಡುವುದು ದೊಡ್ಡ ಕೆಲಸವೇ ಸರಿ. ಆದರೆ ಘಟ್ಟದ ಮೇಲಿನ ಈ ಮೂರು ತಾಲೂಕುಗಳ ಗಾಡಿಗಳನ್ನು ಸಂಗ್ರಹಿಸಬೇಕೆಂದು ಯಾರೂ ಸಂಗ್ರಹಿಸಲಿಲ್ಲ. ಒಂದೊಂದೂ ಒಂದೊಂದು ಕೆಲಸಕ್ಕೆಂದು ಮನೆಗೆ ಬಂತು. ಆ ಕೆಲಸ ಇನ್ನೂ ಮುಗಿದಿಲ್ಲವಾದ್ದರಿಂದ ಉಳಿದುಕೊಂಡಿತು. ಮೂವತ್ತು ವರ್ಷದ ಜೀಪೊಂದು ಇಷ್ಟು ಮಳೆ, ಇಷ್ಟು ಕೆಸರು, ಇಷ್ಟು ಏರಿಳಿತದಲ್ಲಿ ಇನ್ನೂ ಚಾಲೂ ಆಗುತ್ತದೆ ಎಂದರೆ ಆ ಮನೆಯವರು ತೋಟಕ್ಕೆ ಹೇಗೋ ಗಾಡಿಗೂ ಹಾಗೆ ಋತುಮಾನ ಹಿಡಿದು ದುಡಿದಿದ್ದಾರೆ ಎಂದೇ ಅರ್ಥ. ಮೇ ತಿಂಗಳಲ್ಲಿ ಮಾಡಬೇಕಾದ್ದನ್ನು ಜುಲೈನಲ್ಲಿ ಮಾಡಿದರೆ ತೋಟದ ಕೊಳೆರೋಗವೂ ನಿಲ್ಲುವುದಿಲ್ಲ, ತುಕ್ಕೂ ನಿಲ್ಲುವುದಿಲ್ಲ.

ಮೂರೂ ತಾಲೂಕು ಕೇಂದ್ರಗಳಿಗೆ ರೈಲಿಲ್ಲ. ಸಿದ್ದಾಪುರದವರಿಗೆ ತಾಳಗುಪ್ಪ ಹತ್ತಿರ, ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು, ಯಲ್ಲಾಪುರದವರು ಹುಬ್ಬಳ್ಳಿಗೆ. ಮನೆಗಳಾದರೋ ಒಂದೊಂದು ಒಂದೊಂದು ಕಣಿವೆಯಲ್ಲಿ. ಬಸ್ಸು ಬರುವ ರಸ್ತೆಗೂ ಮನೆಗೂ ನಡುವೆ ಒಂದು ಹಳ್ಳ, ಒಂದು ಬೆಟ್ಟದ ಏರು, ಒಂದು ದಣಪೆ ಇದ್ದೇ ಇರುತ್ತದೆ. 1923ರಲ್ಲಿ ಶುರುವಾದ, ಅಡಕೆ ಮಾರಾಟದ ಸಹಕಾರಿ ಸಂಘವಾದ ಶಿರಸಿಯ ಟಿಎಸ್‌ಎಸ್‌ನ ಅಂಗಳಕ್ಕೆ ಅಡಕೆ ಮೂಟೆ ಮುಟ್ಟಿಸಲು, ರಾತ್ರಿ ಹೊತ್ತು ಹೆರಿಗೆ ನೋವು ಕಾಣಿಸಿಕೊಂಡವಳನ್ನು ಆಸ್ಪತ್ರೆಗೆ ಒಯ್ಯಲು, ಅಟ್ಟದ ಮೇಲಿನ ಸಾಮಾನನ್ನು ಮದುವೆ ಮನೆಗೆ ಸಾಗಿಸಲು ಮನೆಯದೇ ಗಾಡಿ ಬೇಕು. ಎತ್ತಿನ ಗಾಡಿ ಹೋದ ಮೇಲೆ ಆ ಜಾಗಕ್ಕೆ ಮೊದಲು ಬಂದದ್ದು ಜೀಪು.

ಜೀಪಿನ ಮೂಲ ಎರಡನೇ ಮಹಾಯುದ್ಧದ್ದು. ಯುದ್ಧ ಮುಗಿದ ಮೇಲೆ ಫಿಲಿಪ್ಪೀನ್ಸಿನಲ್ಲಿ ಅಮೆರಿಕದವರು ಬಿಟ್ಟುಹೋದ ಜೀಪುಗಳನ್ನು ಜನ ಉದ್ದ ಮಾಡಿ, ಬಣ್ಣ ಬಳಿದು, ಜೀಪ್ನಿ ಎಂಬ ಸಾರ್ವಜನಿಕ ಸಾರಿಗೆಯನ್ನೇ ಕಟ್ಟಿಕೊಂಡರು. ನಮ್ಮಲ್ಲಿ ಮಹೀಂದ್ರಾದವರು ಅಮೆರಿಕದ ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿದರು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ದಶಕಗಳ ಕಾಲ ಇಲ್ಲೇ ತಯಾರಾಯಿತು. ಅಡಕೆ ಸೀಮೆಯಲ್ಲಿ ಜೀಪು ನಿಜವಾಗಿ ನೆಲೆಯೂರಿದ್ದು ಡೀಸೆಲ್ ಇಂಜಿನ್ ಬಂದ ಮೇಲೆ. 1980ರ ದಶಕದ ಎಂಎಂ-540ರಲ್ಲಿ ಇದ್ದದ್ದು ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸದ 2.1 ಲೀಟರಿನ ಇಂಜಿನ್. ಇನ್ನು ಕೆಲವು ಮಾದರಿಗಳಿಗೆ ಟ್ರ್ಯಾಕ್ಟರ್ ಮೂಲದ ಡಿಐ ಇಂಜಿನ್ ಕೂತಿತು. ಗ್ಯಾರೇಜಿನಲ್ಲಿ ಈಗಲೂ ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆ ‘ಪ್ಯೂಜೊವೋ ಡಿಐಯೋ’ ಎಂದೇ. ಅದರ ಮೇಲೆ ಸಾಮಾನು, ಖರ್ಚು, ತಗಲುವ ದಿನ ಎಲ್ಲ ನಿರ್ಧಾರ.

ಈ ಇಂಜಿನ್‌ಗಳು ಉಳಿದದ್ದಕ್ಕೆ ಕಾರಣ ಅವುಗಳ ಸರಳತೆ. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಡೀಸೆಲ್ಲನ್ನು ಒತ್ತಡದಲ್ಲಿ ಚಿಮ್ಮಿಸುವ ಪಂಪು ಇಂಜಿನ್ನಿನ ತಿರುಗಣಿಯಿಂದಲೇ ನಡೆಯುತ್ತದೆ. ಆಷಾಢದಲ್ಲಿ ವಾರಗಟ್ಟಲೆ ನಿಂತು ಬ್ಯಾಟರಿ ಇಳಿದಿದ್ದರೂ ಅಂಗಳದ ಇಳಿಜಾರಿಗೆ ನಾಲ್ಕು ಜನ ತಳ್ಳಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಹೊಗೆ ಉಗುಳಿ ಎದ್ದು ನಿಲ್ಲುತ್ತದೆ. ಡೀಸೆಲ್ ಮುಗಿದು ಲೈನಿಗೆ ಗಾಳಿ ಹೊಕ್ಕರೆ ಮಾತ್ರ ಎಷ್ಟು ತಳ್ಳಿದರೂ ಕೇಳುವುದಿಲ್ಲ. ಆಗ ಮಾಡುವ ಕೆಲಸ ಪ್ರತಿ ಜೀಪಿನ ಮನೆಯ ಹುಡುಗರಿಗೂ ಗೊತ್ತು: ಫಿಲ್ಟರಿನ ತಲೆಯ ಮೇಲಿನ ಬೋಲ್ಟನ್ನು ಒಂದು ಸುತ್ತು ಸಡಿಲಿಸಿ, ಹ್ಯಾಂಡ್ ಪಂಪನ್ನು ಹೆಬ್ಬೆರಳಲ್ಲಿ ಒತ್ತುತ್ತ ಹೋಗಬೇಕು. ಮೊದಲು ಬರುವುದು ನೊರೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್ಲು, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್ಲು. ತಿಳಿ ಬಂದ ಕೂಡಲೇ ಬೋಲ್ಟು ಬಿಗಿ. ಆತುರದವರು ಗುಳ್ಳೆ ಇರುವಾಗಲೇ ಬಿಗಿದು, ಅರ್ಧ ದಾರಿಯಲ್ಲಿ ಮತ್ತೆ ಸ್ಪ್ಯಾನರ್ ಹಿಡಿಯುತ್ತಾರೆ.

ಫೋರ್‌ವೀಲ್ ಇರುವ ಜೀಪಿನ ಬಗ್ಗೆ ಒಂದು ಮಾತು. ಮುಂದಿನ ಗಾಲಿಗೂ ಬಲ ಕೊಡುವ ಆ ಸಣ್ಣ ಲಿವರನ್ನು ಕೆಸರಲ್ಲಿ, ಹಳ್ಳದ ಮರಳಲ್ಲಿ, ಬೆಟ್ಟದ ಸೊಪ್ಪಿನ ದಾರಿಯಲ್ಲಿ ಮಾತ್ರ ಹಾಕಬೇಕು. ಒಣ ಟಾರು ರಸ್ತೆಯಲ್ಲಿ ಹಾಕಿಕೊಂಡು ತಿರುವು ತೆಗೆದುಕೊಂಡರೆ ಮುಂದಿನ ಗಾಲಿ, ಹಿಂದಿನ ಗಾಲಿ ಓಡುವ ದೂರ ಬೇರೆಬೇರೆಯಾಗಿ ಗೇರ್‌ಬಾಕ್ಸಿನಲ್ಲೂ ಶಾಫ್ಟಿನಲ್ಲೂ ಬಿಗಿತ ಕಟ್ಟಿಕೊಳ್ಳುತ್ತದೆ. ಜಾಯಿಂಟು ಮುರಿಯುವುದು, ಲಿವರ್ ಕಚ್ಚಿಕೊಂಡು ಬಾರದಿರುವುದು ಹೀಗೇ. ಹಾಗೆಂದು ಅದನ್ನು ಮುಟ್ಟದೆಯೂ ಬಿಡಬಾರದು. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ಸ್ವಲ್ಪ ದೂರ ಓಡಿಸಿದರೆ ಒಳಗಿನ ಹಲ್ಲುಗಳಿಗೆ ಎಣ್ಣೆ ತಾಗುತ್ತದೆ, ಬೇಕಾದ ದಿನ ಕೈಗೆ ಬರುತ್ತದೆ.

ಜೀಪಿನ ನಂತರ ಮನೆ ಹೊಕ್ಕದ್ದು ಓಮಿನಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 1988ರಲ್ಲಿ ಈಗಿನ ಹೆಸರು ಪಡೆದು, 2019ರಲ್ಲಿ ತಯಾರಿಕೆ ನಿಂತಿತು. ಜಪಾನಿನ ಸುಝುಕಿ ಕ್ಯಾರಿ ಇದರ ತಾಯಿ. ಅಲ್ಲಿಯ ಹಳ್ಳಿಗಳಲ್ಲೂ ಗದ್ದೆ ಬದುವಿನ ಕಿರಿದಾದ ದಾರಿಗೆ ಹೊಂದುವಂತೆ ಇಂಥ ಪುಟ್ಟ ವ್ಯಾನು, ಪುಟ್ಟ ಲಾರಿಗಳನ್ನೇ ರೈತರು ನೆಚ್ಚಿಕೊಂಡಿದ್ದಾರೆ. ಓಮಿನಿಯ ಅಗಲ ಸುಮಾರು 1.4 ಮೀಟರ್ ಮಾತ್ರ. ಎತ್ತಿನ ಗಾಡಿಗೆಂದು ಬಿಟ್ಟ ದಣಪೆಯಲ್ಲಿ ಅದು ನುಸುಳುತ್ತದೆ. ಬಾಗಿಲು ಪಕ್ಕಕ್ಕೆ ಸರಿಯುವುದರಿಂದ ಇಕ್ಕಟ್ಟಿನ ಮಾಡಿನಡಿಯೂ ಅಜ್ಜಿಯನ್ನು ಹತ್ತಿಸಬಹುದು, ಇಳಿಸಬಹುದು. 796 ಸಿಸಿ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಘಟ್ಟ ಹತ್ತುವಾಗ ಕೂತಲ್ಲೇ ಬಿಸಿ ಗೊತ್ತಾಗುತ್ತದೆ. ರಿಪೇರಿಗೆ ಸೀಟು ಎತ್ತಿದರೆ ಸಾಕು, ಮಳೆಯಲ್ಲಿ ನೆನೆಯದೆ ಒಳಗೇ ಕೂತು ಪ್ಲಗ್ ಬಿಚ್ಚಬಹುದು. ಹಿಂದಿನ ಸೀಟು ಮಡಚಿದರೆ ಅಡಕೆ ಮೂಟೆ, ಮಡಚದಿದ್ದರೆ ಬಯಲಾಟಕ್ಕೆ ಹೊರಟ ಮನೆಮಂದಿ. ಓಮಿನಿ ಹೋದ ಮೇಲೆ ಇದರ ಜಾಗ ತುಂಬುವ ಗಾಡಿ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಹಾಗಾಗಿಯೇ ತುಕ್ಕು ಹಿಡಿದದ್ದನ್ನೂ ಜನ ತಗಡು ಬೆಸೆದು ಇಟ್ಟುಕೊಂಡಿದ್ದಾರೆ.

2005ರಲ್ಲಿ ಬಂದ ಟಾಟಾ ಏಸ್, ಅದರ ಹಿಂದೆ ಮುಂದೆ ಬಂದ ಬೊಲೆರೊ ಪಿಕಪ್ಪುಗಳು ಸಾಗಾಟದ ಲೆಕ್ಕವನ್ನೇ ಬದಲಿಸಿದವು. ಅದಕ್ಕೆ ಮೊದಲು ಗೊಬ್ಬರ, ಮರಳು, ಹಂಚು ತರಲು ಊರಿಗೊಂದೋ ಎರಡೋ ಇದ್ದ ಲಾರಿಯವರ ಬಿಡುವು ಕಾಯಬೇಕಿತ್ತು. ಏಸ್‌ನದು 702 ಸಿಸಿಯ ಎರಡೇ ಸಿಲಿಂಡರಿನ ಡೀಸೆಲ್ ಇಂಜಿನ್. ತೋಟದ ಒಳದಾರಿಗೆ ಅಷ್ಟು ಸಾಕಾಯಿತು.

ಇನ್ನು ಪಂಚಾಂಗದ ಮಾತು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಸಿದ್ದಾಪುರದ ನಿಲ್ಕುಂದದ ಕಡೆಗೆ ಅದಕ್ಕಿಂತ ಬಹಳ ಹೆಚ್ಚು. ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ಆದ್ದರಿಂದ ಗಾಡಿಯ ವರ್ಷ ಶುರುವಾಗುವುದು ಮೇ ತಿಂಗಳಲ್ಲಿ, ತೋಟಕ್ಕೆ ಮೊದಲ ಮದ್ದು ಹೊಡೆಯುವ ತಯಾರಿ ನಡೆದಿರುವಾಗ.

ಆ ತಿಂಗಳ ದೊಡ್ಡ ಕೆಲಸ ಗಾಡಿಯ ಹೊಟ್ಟೆ ತೊಳೆಯುವುದು. ಮೇಲಿನ ಬಣ್ಣಕ್ಕೆ ಪಾಲಿಶ್ ಹಾಕಿ ಸಮಾಧಾನಪಟ್ಟುಕೊಳ್ಳುವವರು ಒಮ್ಮೆ ಕೆಳಗೆ ಮಲಗಿ ನೋಡಬೇಕು. ಮಡ್‌ಗಾರ್ಡಿನ ಒಳಮಗ್ಗುಲಲ್ಲಿ, ಚಾಸಿಯ ಮೂಲೆಗಳಲ್ಲಿ, ಪಾಟಾಗಳ ನಡುವೆ ಕಳೆದ ಮಳೆಗಾಲದ ಕೆಮ್ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಒಣಗಿದ್ದಾಗ ಅದರಿಂದ ತೊಂದರೆ ಕಡಿಮೆ. ಮೊದಲ ಮಳೆ ಬಿದ್ದೊಡನೆ ಅದು ನೀರು ಕುಡಿದು, ದಿನಗಟ್ಟಲೆ ಆರದೆ, ಕಬ್ಬಿಣವನ್ನು ಒಳಗಿಂದಲೇ ತಿನ್ನುತ್ತದೆ. ನೀರಿನ ಪೈಪು ಹಿಡಿದರೆ ಸಾಲದು; ಮರದ ಚಕ್ಕೆಯಿಂದ ಕೆರೆದು ತೆಗೆಯಬೇಕು. ಓಮಿನಿಯ ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿವೆ. ಹಿಡಿಸೂಡಿಯ ಕಡ್ಡಿ ತೂರಿಸಿದರೆ ಒಳಗಿನಿಂದ ಕಪ್ಪು ರಾಡಿ ಇಳಿಯುತ್ತದೆ, ಅದರ ಹಿಂದೆಯೇ ತಿಂಗಳುಗಳಿಂದ ನಿಂತ ನೀರು. ಬಾಗಿಲು ಕೆಳಗಿನಿಂದ ತೂತು ಬೀಳುವುದು ಏಕೆಂದು ಆ ಒಂದು ಕಡ್ಡಿಯೇ ತೋರಿಸಿಕೊಡುತ್ತದೆ. ಸರಿಯುವ ಬಾಗಿಲಿನ ಹಳಿಯೂ ಅಷ್ಟೇ, ಮಣ್ಣು ತೆಗೆದು ಗ್ರೀಸ್ ಸವರಿದರೆ ಮಗು ಕೂಡ ಒಂದು ಕೈಯಲ್ಲಿ ಸರಿಸಬಹುದು.

ತೊಳೆದು, ಎರಡು ದಿನ ಬಿಸಿಲಿಗೆ ನಿಲ್ಲಿಸಿ, ತುಕ್ಕು ಉಜ್ಜಿ, ಆಮೇಲೆ ಪ್ರೈಮರ್, ಅದರ ಮೇಲೆ ಡಾಂಬರು ಅಥವಾ ಮೇಣದ ಅಂಡರ್‌ಕೋಟಿಂಗ್. ಈ ಕ್ರಮ ತಪ್ಪಿಸಿ ಮಣ್ಣಿನ ಮೇಲೇ ಕಪ್ಪು ಬಳಿದರೆ ತುಕ್ಕಿಗೆ ಮುಸುಕು ಹಾಕಿ ಕಾಪಾಡಿದ ಹಾಗೆ. ಇಂಜಿನ್ನಿಂದ ತೆಗೆದ ಹಳೆ ಆಯಿಲನ್ನು ಬಟ್ಟೆಯಲ್ಲಿ ಅದ್ದಿ ಚಾಸಿಗೆ ಬಳಿಯುವ ರೂಢಿ ನಮ್ಮಲ್ಲಿ ಬಹಳ ಹಳೆಯದು, ತುಕ್ಕನ್ನು ಒಂದಷ್ಟು ತಡೆಯುವುದೂ ನಿಜ. ಆದರೆ ಅದು ರಬ್ಬರ್ ಬುಶ್ಶುಗಳನ್ನು ಮೆತ್ತಗಾಗಿಸುತ್ತದೆ. ಮಳೆಯಲ್ಲಿ ತೊಳೆದು ಇಳಿದು ಅಂಗಳದಿಂದ ತೋಟದ ಕಾಲುವೆಗೂ, ಬಾವಿಗೂ ಸೇರುತ್ತದೆ. ಕುಡಿಯುವ ನೀರು ಅದೇ ಇಳಿಜಾರಿನಲ್ಲಿರುವ ನಮ್ಮ ಮನೆಗಳಲ್ಲಿ ಇದನ್ನು ಬಿಡುವುದು ಒಳ್ಳೆಯದು.

ಅಡಕೆ ಬೆಳೆಗಾರರ ಗಾಡಿಗೆ ಇನ್ನೊಂದು ಶತ್ರುವಿದೆ, ಬೇರೆ ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಬೇಕು. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಅದರಲ್ಲಿನ ತಾಮ್ರ ಹೊರಬಂದು ಕಬ್ಬಿಣದ ಮೇಲೆ ಕೆಂಪಗೆ ಕೂರುತ್ತದೆ, ಕಬ್ಬಿಣ ಅಷ್ಟರಮಟ್ಟಿಗೆ ಕರಗಿ ಹೋಗುತ್ತದೆ. ಅದನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು ಎಂದು ಎಲ್ಲರಿಗೂ ಗೊತ್ತು. ಆದರೆ ಪಿಕಪ್ಪಿನ ಹಿಂದೆ ಒಡೆದ ಚೀಲದಿಂದ ಉದುರಿದ ನೀಲಿ ಹರಳನ್ನು ಯಾರೂ ಗುಡಿಸುವುದಿಲ್ಲ. ಮಳೆ ನೀರು ಸೇರಿದ ಮೇಲೆ ತಳದ ತಗಡು ಚಿಕ್ಕೆಚಿಕ್ಕೆಯಾಗಿ ತೂತು ಬೀಳುತ್ತದೆ. ಪೊಟ್ಯಾಶ್ ಗೊಬ್ಬರದಲ್ಲಿನ ಕ್ಲೋರೈಡು, ಕೊಟ್ಟಿಗೆ ಗೊಬ್ಬರದ ಗಂಜಲ ಮಾಡುವ ಕೆಲಸವೂ ಅದೇ. ಪಿಕಪ್ಪಿನ ತಳಕ್ಕೆ ದಪ್ಪ ರಬ್ಬರ್ ಹಾಸು ಹಾಕಿದರೆ ಒಳ್ಳೆಯದು, ಆದರೆ ಹಾಸನ್ನು ಎತ್ತಿ ಅಡಿ ತೊಳೆಯುವ ಅಭ್ಯಾಸವಿದ್ದರೆ ಮಾತ್ರ. ಮದ್ದಿನ ಸಾಮಾನು ತಂದ ದಿನವೇ, ಸಂಜೆಯಾಗುವುದರೊಳಗೆ ತೊಳೆದುಬಿಡುವ ಮನೆಯವರ ಗಾಡಿಯನ್ನು ನೋಡಿದ ಕೂಡಲೇ ಗುರುತಿಸಬಹುದು.

ಜೂನ್ ದಾಟಿದ ಮೇಲೆ ಕೆಲಸ ಬೇರೆ ಥರದ್ದು. ಹಳ್ಳ ದಾಟಿದ ಕೂಡಲೇ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದು ಸ್ವಲ್ಪ ದೂರ ಹೋಗಬೇಕು. ಡ್ರಮ್ಮಿನೊಳಗಿನ ನೀರು ಆ ಬಿಸಿಗೆ ಆರುತ್ತದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಆಗಾಗ ಇಳಿಸಬೇಕು. ಮಳೆಗಾಲದಲ್ಲಿ ಇಲಿಗಳಿಗೆ ಬೆಚ್ಚಗಿನ ಇಂಜಿನ್ನಿಗಿಂತ ಒಳ್ಳೆಯ ಜಾಗವಿಲ್ಲ. ವೈರು ಕಡಿಯುವುದನ್ನು ತಪ್ಪಿಸಲು ರಾತ್ರಿ ಬಾನೆಟ್ ಎತ್ತಿಯೇ ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಬೆಳಕು, ಗಾಳಿ ಹೊಕ್ಕ ಕಡೆ ಇಲಿ ಗೂಡು ಕಟ್ಟುವುದಿಲ್ಲ. ಮಗನ ಹೊಸ ಕಾರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಜೀಪಿನಲ್ಲಿ ಕಡಿದ ವೈರನ್ನು ಟೇಪು ಸುತ್ತಿ ಜೋಡಿಸಬಹುದು. ಹೊಸ ಕಾರಿನಲ್ಲಿ ಒಂದು ಸೆನ್ಸರಿನ ವೈರು ಹೋದರೆ ಗಾಡಿಯನ್ನೇ ಎತ್ತಿಸಿಕೊಂಡು ಹೋಗಬೇಕು.

ಘಟ್ಟದ ವಿಷಯ ಸಾವಧಾನವಾಗಿ ಹೇಳಬೇಕಾದ್ದು. ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಅರಬೈಲ್, ಶಿರಸಿ-ಕುಮಟಾ ನಡುವಿನ ದೇವಿಮನೆ, ಸಿದ್ದಾಪುರದ ಕಡೆಯ ದೊಡ್ಮನೆ, ಮೂರೂ ತಾಲೂಕಿನವರಿಗೆ ಒಂದೊಂದು ಘಟ್ಟ. ಬ್ರೇಕ್ ಆಯಿಲ್ ಗಾಳಿಯಿಂದಲೇ ತೇವ ಹೀರುವ ಗುಣದ್ದು. ಸಾಮಾನ್ಯವಾಗಿ ಬಳಸುವ ಡಾಟ್-3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೂರಕ್ಕೆ ಮೂರೂವರೆ-ನಾಲ್ಕು ಪಾಲು ನೀರು ಸೇರಿದರೆ ಸಾಕು, ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವೇ? ಉದ್ದಕ್ಕೂ ಬ್ರೇಕ್ ಒತ್ತುತ್ತ ಇಳಿದರೆ ಆಯಿಲ್ ಕುದ್ದು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಅದು ಬ್ರೇಕನ್ನು ಒತ್ತುತ್ತದೆ, ಆವಿಯನ್ನು ಒತ್ತಿದರೆ ಆವಿ ಕುಗ್ಗುತ್ತದೆ ಅಷ್ಟೇ. ಪೆಡಲ್ ಹಲಗೆಗೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಬೇಕೆನ್ನುವುದು ಈ ಕಾರಣಕ್ಕೆ. ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಸಬೇಕೆಂದು ಹಿರಿಯ ಡ್ರೈವರುಗಳು ಹೇಳುವುದೂ ಈ ಕಾರಣಕ್ಕೇ: ಗಾಡಿಯನ್ನು ಇಂಜಿನ್ನೇ ತಡೆದು ಹಿಡಿದರೆ ಬ್ರೇಕ್ ತಣ್ಣಗಿರುತ್ತದೆ.

ಟೈರಿನ ಪಕ್ಕೆಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ನಂತರದ ಎರಡು ವರ್ಷ. 1816 ಎಂದಿದ್ದರೆ 2016ರ ಹದಿನೆಂಟನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಮನೆಯ ಗಾಡಿಗಳಲ್ಲಿ ಹಲ್ಲು ಸವೆಯದೇ ರಬ್ಬರು ಮುದಿಯಾಗುತ್ತದೆ. ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಹಲ್ಲು ಎಷ್ಟೇ ಇದ್ದರೂ ಆ ಟೈರಿನಲ್ಲಿ ಘಟ್ಟ ಇಳಿಯಬಾರದು.

ಹಾಗೆಯೇ ಪಿಕಪ್ಪಿನ ಹಿಂದೆ, ಮೂಟೆಗಳ ಮೇಲೆ ಜನರನ್ನು ಕೂರಿಸಿಕೊಂಡು ಹೋಗುವುದೂ ಸಲ್ಲದು. ಕೊನೆ ಕೊಯ್ಲಿನ ದಿನಗಳಲ್ಲಿ ಇದು ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಣಿವೆಗೆ ಉರುಳಿತು. ಸರಕಿನ ಜೊತೆಗೇ ಲಾರಿಯಲ್ಲಿ ಕೂತಿದ್ದ ವ್ಯಾಪಾರಿಗಳಲ್ಲಿ 10 ಮಂದಿ ತೀರಿಕೊಂಡರು. ಸರಕಿನ ಗಾಡಿಯಲ್ಲಿ ಕೂತವರನ್ನು ಹಿಡಿದಿಡುವಂಥದ್ದು ಏನೂ ಇಲ್ಲ, ಮೂಟೆಯೇ ಮೈಮೇಲೆ ಬರುತ್ತದೆ. ಕೆಲಸದವರನ್ನು ಕರೆತರಲು ಓಮಿನಿಯನ್ನೋ ಜೀಪನ್ನೋ ಎರಡು ಸಲ ಓಡಿಸಿದರೆ ಇಂಧನದ ಖರ್ಚು ಹೆಚ್ಚಾಗುತ್ತದೆ. ಹೆಚ್ಚಾಗಲಿ.

ನವರಾತ್ರಿಗೆ ಮಳೆ ಹಿಂದೆ ಸರಿದಿರುತ್ತದೆ. ಆಯುಧ ಪೂಜೆಗೆ ತೊಳೆಯುವ ನೆಪದಲ್ಲಿ ಮಳೆಗಾಲ ಏನೇನು ಹಾಳು ಮಾಡಿದೆ ಎಂಬ ತಪಾಸಣೆ ತಾನಾಗಿ ನಡೆಯುತ್ತದೆ. ಜೀಪಿಗೆ ಸಿಂಗಾರದ ಹೂವು, ಪಿಕಪ್ಪಿಗೆ ಚೆಂಡುಹೂವಿನ ಮಾಲೆ, ಎಂ-80ಗೂ ಒಂದು ಕುಂಕುಮದ ಬೊಟ್ಟು, ಗಾಲಿಯಡಿಗೆ ನಿಂಬೆಹಣ್ಣು. ಅದೇ ದಿನ ಗ್ರೀಸ್ ಗನ್ ಹಿಡಿದು ಪಾಟಾದ ಪಿನ್ನು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಸ್ಟೇರಿಂಗಿನ ಜಾಯಿಂಟುಗಳಿಗೆ ಗ್ರೀಸ್ ತುಂಬಿಸುವ ಮನೆಗಳಿವೆ. ಹಳೆಯ ಗ್ರೀಸು ಕೆಸರು ಸೇರಿ ಕಂದಾಗಿ ಹೊರಬರುತ್ತದೆ. ಹೊಸದರ ಬಣ್ಣ ಕಾಣುವವರೆಗೆ ಒತ್ತುತ್ತಲೇ ಇರಬೇಕು. ದೀಪಾವಳಿ ಮುಗಿದು ಕೊನೆ ಕೊಯ್ಲು ಶುರುವಾಯಿತೆಂದರೆ ಅಂಗಳ ಅಡಕೆಯದ್ದು. ಚಾಲಿ ಒಣಗುವಷ್ಟು ದಿನ ಗಾಡಿಗಳೆಲ್ಲ ಅಂಗಳ ಬಿಟ್ಟು ಮರದಡಿಗೆ ಹೋಗಬೇಕು. ಅದಾದ ಮೇಲೆ ದರಕಿನ ಕೆಲಸ. ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಇರುವ ಈ ಸೀಮೆಯಲ್ಲಿ ಬೇಸಗೆಯ ತುಂಬ ಒಣ ಎಲೆ ಹೊತ್ತು ತರುವುದೇ ಜೀಪಿನ, ಟಿಲ್ಲರಿನ ಕಾಯಕ. ಒಂದು ಎಚ್ಚರ: ದರಕು ಸೈಲೆನ್ಸರಿನ ಸುತ್ತ ಸಿಕ್ಕಿಕೊಂಡರೆ ಹೊತ್ತಿಕೊಳ್ಳುತ್ತದೆ. ಬೆಟ್ಟದಿಂದ ಇಳಿದ ಮೇಲೆ ಒಮ್ಮೆ ಬಗ್ಗಿ ನೋಡಲೇಬೇಕು.

ಸಾಮಾನು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತರೂ ಅದರ ಸಾಮಾನು ಇನ್ನೂ ಸಿಗುತ್ತದೆ, ಓಮಿನಿಯ ಇಂಜಿನ್ನೂ ಅದೇ ಕುಟುಂಬದ್ದಾದ್ದರಿಂದ ಎರಡಕ್ಕೂ ಅನುಕೂಲ. ಪ್ಯೂಜೊ ಜೀಪಿನವರು ಮಾತ್ರ ಶಿರಸಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿ, ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಕೇಳಬೇಕು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಮನೆಯ ಗಾಡಿಗೆ ಮಾಡಬಹುದಾದ ಅತ್ಯುತ್ತಮ ಸೇವೆ ಇದೇ ಎಂದು ನನಗನಿಸುತ್ತದೆ. ಹಳೆಯ ಬಿಡಿಭಾಗವನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಒಯ್ದು, ಶನಿವಾರ ಜೆ.ಸಿ. ರಸ್ತೆ ಸುತ್ತಿ, ಅದರ ಜೋಡಿಯನ್ನು ಹುಡುಕಿ ಊರಿನ ಬಸ್ಸಿಗೆ ಹಾಕಿ ಕಳಿಸುವವರನ್ನು ಬಲ್ಲೆ. ಇನ್ನೊಂದು ಕೆಲಸವನ್ನೂ ಅವರು ಮಾಡಬಹುದು: ಮೇಸ್ತ್ರಿ ಗೇರ್‌ಬಾಕ್ಸ್ ಬಿಚ್ಚಿದಾಗ ಪಕ್ಕದಲ್ಲಿ ನಿಂತು, ಯಾವ ಬೇರಿಂಗು, ಯಾವ ನಂಬರು, ಯಾವ ಸೀಲು ಎಂದು ಬರೆದಿಡುವುದು. ಆ ಲೆಕ್ಕವೆಲ್ಲ ಈಗ ಮೇಸ್ತ್ರಿಗಳ ತಲೆಯಲ್ಲಿದೆ. ಕೈಯಿಂದ ಮುಟ್ಟಿ ಲೈನರಿನ ಸವೆತ ಹೇಳುವ ಆ ತಲೆಮಾರಿನವರ ಬಳಿ ಕಲಿಯಲು ಬರುವ ಹುಡುಗರು ಕಡಿಮೆಯಾಗುತ್ತಿದ್ದಾರೆ.

ಕಾಗದಪತ್ರದ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಯನ್ನು ಸರ್ಕಾರ ಎತ್ತಿಕೊಂಡು ಹೋಗುತ್ತದೆ ಎಂದು ಹೆದರಿ ಒಳ್ಳೆಯ ಜೀಪನ್ನು ಗುಜರಿ ಬೆಲೆಗೆ ಕೊಟ್ಟವರಿದ್ದಾರೆ. ಆ ನಿರ್ಬಂಧ ಹೊರಟದ್ದು ದಿಲ್ಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ನಮ್ಮಲ್ಲಿ ಖಾಸಗಿ ವಾಹನದ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ಮುಂದುವರಿಯುತ್ತದೆ. ಶುಲ್ಕ ಏರಿರುವುದು ನಿಜ: ಕಾರು, ಜೀಪುಗಳಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಿಂದ 10,000. ಹಸಿರು ತೆರಿಗೆ ಬೇರೆ. ಬಾಡಿಗೆಗೆ ಓಡುವ ಪಿಕಪ್ಪು, ಲಾರಿಗಳಿಗೆ ಎಂಟು ವರ್ಷವಾದ ಮೇಲೆ ಪ್ರತಿ ವರ್ಷ ಫಿಟ್‌ನೆಸ್. ತೋಟದೊಳಗೆ ಮಾತ್ರ ಓಡಿಸುತ್ತೇವೆಂದು ವಿಮೆ ಬಿಟ್ಟವರು ಒಂದು ದಿನ ಗಡಿಬಿಡಿಯಲ್ಲಿ ರಸ್ತೆಗೆ ಇಳಿಯುತ್ತಾರೆ. ಮೂರನೆಯವರ ವಿಮೆಯಿಲ್ಲದೆ ಸಾರ್ವಜನಿಕ ರಸ್ತೆಗೆ ಗಾಡಿ ತರುವಂತೆಯೇ ಇಲ್ಲ.

50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಕ್ಕೆ ಬಿಟ್ಟು ನಿತ್ಯ ಓಡಿಸುವಂತಿಲ್ಲ. ದರಕು ಹೊರುವ ಜೀಪಿಗೆ ಅದು ಸಲ್ಲದು. ಇನ್ನೊಂದು ತೊಡಕು ನಮ್ಮ ಮನೆಗಳಲ್ಲೇ ಹುಟ್ಟಿದ್ದು. ಎಷ್ಟೋ ಜೀಪುಗಳ ಆರ್‌ಸಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಮಾಲೀಕರು ತೀರಿಕೊಂಡ 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಶಿರಸಿಯ ಕೆಎ-31 ಕಚೇರಿಯಲ್ಲಿ ಆಗುವ ಈ ಕೆಲಸವನ್ನು ಮುಂದೂಡುತ್ತ ಹೋದರೆ ಪಾಲುದಾರರು ಹೆಚ್ಚಿ, ಎಲ್ಲರ ಸಹಿ ಕೂಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ಪೆಟ್ರೋಲ್ ಗಾಡಿಯವರು ಈಗ ಎಥೆನಾಲ್ ಬಗ್ಗೆಯೂ ತಿಳಿದಿರಬೇಕು. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. 2023ರ ನಂತರದ ಗಾಡಿಗಳನ್ನು ಅದಕ್ಕೆ ಒಗ್ಗುವಂತೆ ಮಾಡಿದ್ದಾರೆ. ಹಳೆಯ ಓಮಿನಿ, ಹಳೆಯ 800ರ ರಬ್ಬರ್ ಪೈಪು, ಕಾರ್ಬ್ಯುರೇಟರಿನ ವಾಶರುಗಳು ಅದಕ್ಕೆಂದು ಮಾಡಿದವಲ್ಲ. ಉಬ್ಬಿ, ಬಿರಿದು, ಸೋರತೊಡಗುತ್ತವೆ. ಎಥೆನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ತಳದಲ್ಲಿ ನೀರು ಬೇರೆಯಾಗಿ ಕೂರಬಹುದು. ಪೈಪುಗಳನ್ನು ಎಥೆನಾಲ್ ತಾಳುವ ರಬ್ಬರಿನವಕ್ಕೆ ಬದಲಿಸುವುದಕ್ಕೆ ಹೆಚ್ಚು ಹಣ ಬೇಕಿಲ್ಲ. ಓಮಿನಿಯಲ್ಲಂತೂ ಇಂಜಿನ್ ನಾವು ಕೂತ ಸೀಟಿನ ಕೆಳಗೇ ಇದೆ, ಅಲ್ಲಿ ಪೆಟ್ರೋಲ್ ಸೋರುವುದು ತಮಾಷೆಯ ಮಾತಲ್ಲ. ಎಂ-80ರಂಥ ಟೂ-ಸ್ಟ್ರೋಕ್ ಗಾಡಿಗೆ ಆಯಿಲ್ ಬೆರೆಸಿದ ಪೆಟ್ರೋಲನ್ನು ಆ ವಾರಕ್ಕೆ ಬೇಕಾದಷ್ಟೇ ಹಾಕಿ ಮುಗಿಸುವುದು ಮೇಲು.

ಇಷ್ಟೆಲ್ಲ ಪಾಡು ಪಟ್ಟು ಇಟ್ಟುಕೊಳ್ಳುವುದು ಬರೀ ದುಡಿಸಿಕೊಳ್ಳಲೆಂದಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ನೆಂಟರು ಬಂದಿಳಿದ ದಿನ ಮನೆಯ ಎಲ್ಲ ಗಾಡಿಗಳೂ ಒಟ್ಟಿಗೆ ಹೊರಡುತ್ತವೆ. ಸೋಂದೆಯ ತೇರು, ಬಯಲಾಟ, ಮಾಗೋಡು ಜಲಪಾತ, ಸಿದ್ದಾಪುರದ ಉಂಚಳ್ಳಿ, ಹೋಗುವ ಜಾಗವಾವುದಾದರೂ ಮಕ್ಕಳ ಜಗಳ ಒಂದೇ, ಜೀಪಿನ ಹಿಂದೆ ಯಾರು ಕೂರಬೇಕು ಎಂದು. ಹುಡ್ ಬಿಚ್ಚಿದ ಜೀಪಿನಲ್ಲಿ ಕಾಡಿನ ದಾರಿ ಹಿಡಿದರೆ ಕಾರಿನ ಗಾಜಿನಿಂದ ಎಂದೂ ತಿಳಿಯದ ಸಂಗತಿಗಳು ತಿಳಿಯುತ್ತವೆ: ಎಲ್ಲಿ ಹಳ್ಳದ ತಂಪು ಶುರುವಾಯಿತು, ಎಲ್ಲಿ ಸುರಗಿ ಬಿಟ್ಟಿದೆ, ಯಾರ ಮನೆಯಲ್ಲಿ ಅಡಕೆ ಬೇಯಿಸುತ್ತಿದ್ದಾರೆ.

ಭತ್ತ ಕೊಯ್ದ ಗದ್ದೆ ಬಯಲೇ ನಮ್ಮ ಕಡೆಯ ಡ್ರೈವಿಂಗ್ ಶಾಲೆ. ರಸ್ತೆಗೆ ಇಳಿಯಲು ಹದಿನೆಂಟಾಗಬೇಕು, ಲೈಸೆನ್ಸ್ ಬೇಕು. ಮನೆಯ ಗದ್ದೆಯಲ್ಲಿ ಪಕ್ಕದಲ್ಲಿ ಅಪ್ಪನೋ ಚಿಕ್ಕಪ್ಪನೋ ಕೂತು, ಮೊದಲು ಕೀಲಿ ಕೊಡದೆಯೇ ಆಯಿಲ್ ಕಡ್ಡಿ ಎಳೆದು ನೋಡಲು ಹೇಳುತ್ತಾರೆ. ಕಡ್ಡಿ ಒರೆಸಿ ಮತ್ತೆ ಅದ್ದಿ ತೆಗೆದು ಎರಡು ಗೀಟಿನ ನಡುವೆ ಎಲ್ಲಿದೆ ಎಂದು ಹೇಳಬೇಕು, ರೇಡಿಯೇಟರಿನ ಕೂಲಂಟ್ ನೋಡಬೇಕು, ನಾಲ್ಕೂ ಟೈರನ್ನು ಕಾಲಿನಿಂದ ತಟ್ಟಿ ನೋಡಬೇಕು. ಆಮೇಲೆ ಲೋ ಗೇರಿಗೆ ಹಾಕಿಕೊಟ್ಟ ಜೀಪು, ಎಕ್ಸಿಲರೇಟರ್ ಮುಟ್ಟದೆ, ಕ್ಲಚ್ ಬಿಟ್ಟಷ್ಟಕ್ಕೇ ಕೂಳೆಗಳ ಮೇಲೆ ನಡಿಗೆಯ ವೇಗದಲ್ಲಿ ಹೊರಡುತ್ತದೆ. ಹುಡುಗಿಯರೂ ಹುಡುಗರಷ್ಟೇ ಚೆನ್ನಾಗಿ ಕಲಿಯುತ್ತಿದ್ದಾರೆ. ಗಂಡಸರು ತೋಟದಲ್ಲಿರುವಾಗ ಓಮಿನಿ ತೆಗೆದು ಮಕ್ಕಳನ್ನು ಶಾಲೆಗೆ ಬಿಟ್ಟು, ಬರುವಾಗ ಹಾಲಿನ ಡೇರಿಯ ಹಿಂಡಿ ಹಾಕಿಕೊಂಡು ಬರುವ ಹೆಂಗಸರು ಈಗ ಹಳ್ಳಿ ಹಳ್ಳಿಯಲ್ಲಿದ್ದಾರೆ. ಅವರಲ್ಲಿ ಅನೇಕರು ಸೀಟು ಎತ್ತಿ ಪ್ಲಗ್ ಬದಲಿಸಲೂ ಬಲ್ಲರು, ಮೇ ತಿಂಗಳಲ್ಲಿ ಹಿಡಿಕಡ್ಡಿ ಹಿಡಿದು ಬಾಗಿಲ ತೂತು ಬಿಡಿಸಲೂ ಬಲ್ಲರು.